ಹೆಸರು ಅದೇ, ಡಿಸ್ಕ್ ಬೇರೆ

ನಿಮಿಷಕ್ಕೆ 10,000 ಸುತ್ತು. 2003ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಸನ್ ಫೈರ್ ವಿ210 ಎಂಬ ಸರ್ವರಿನ ಡಿಸ್ಕುಗಳು ಹಗಲೂ ರಾತ್ರಿ ಈ ವೇಗದಲ್ಲಿ ತಿರುಗುತ್ತಿದ್ದವು. ಒಂದು ಸುತ್ತಿಗೆ ಆರೇ ಮಿಲಿಸೆಕೆಂಡು. ತಟ್ಟೆಯ ಅಂಚು ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅದರ ಮೇಲೆ ಹತ್ತಿಪ್ಪತ್ತು ನ್ಯಾನೋಮೀಟರ್ ಎತ್ತರದಲ್ಲಿ, ಗಾಳಿಯ ತೆಳುಪದರದ ಆಸರೆಯಲ್ಲಿ, ಓದುವ ಬರೆಯುವ ಹೆಡ್ ತೇಲುತ್ತಿರುತ್ತದೆ. ಇಂಥದೊಂದು ಯಂತ್ರ ವರ್ಷಗಟ್ಟಲೆ ನಿಲ್ಲದೆ ದುಡಿಯುತ್ತದೆ ಎಂಬುದೇ ದೊಡ್ಡದು. ಒಂದು ದಿನ ಅದು ಕೆಡುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಅಷ್ಟೇ ವಯಸ್ಸು ಅದರ ಮೇಲೆ ಕೂತ ಆಪರೇಟಿಂಗ್ ಸಿಸ್ಟಮ್ಮಿಗೂ ಆಗಿರುತ್ತದೆ. ವಿ210ರ ಮೇಲೆ ಓಡುತ್ತಿದ್ದದ್ದು ಸೊಲಾರಿಸ್ ಎಂಬ ಯುನಿಕ್ಸ್. ಅದರ ಒಂಬತ್ತನೆಯ ಆವೃತ್ತಿ 2002ರಲ್ಲಿ ಬಂತು, ಹತ್ತನೆಯದು 2005ರಲ್ಲಿ. ತಂತ್ರಾಂಶಕ್ಕೆ ಸವೆತವಿಲ್ಲ ಎನ್ನುವವರಿದ್ದಾರೆ. ಅದರೊಳಗಿನ ಬಿಟ್‌ಗಳು ಸವೆಯುವುದಿಲ್ಲ, ನಿಜ. ಹೊರಗಿನ ಲೋಕ ಬದಲಾಗುತ್ತದೆ. 2007ರಲ್ಲಿ ಅಮೆರಿಕ ತನ್ನ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುವ ದಿನವನ್ನು ಏಪ್ರಿಲ್‌ನಿಂದ ಮಾರ್ಚ್‌ಗೆ ಎಳೆದುಕೊಂಡಿತು. ಆ ಒಂದು ಕಾನೂನಿನಿಂದಾಗಿ ಅಮೆರಿಕದ ಸಮಯಕ್ಕೆ ಲೆಕ್ಕ ಇಡುವ ಪ್ರತಿಯೊಂದು ಸರ್ವರಿಗೂ ಹೊಸ ಸಮಯಪಟ್ಟಿ ಬೇಕಾಯಿತು. ಹಳೆಯ ಆವೃತ್ತಿಯಲ್ಲೇ ಕೂತಿದ್ದವರು ಅದಕ್ಕಾಗಿ ಪರದಾಡಿದರು. ಭದ್ರತೆಯ ತೂತುಗಳದ್ದೂ ಇದೇ ಕಥೆ. ತೂತು ಮೊದಲಿನಿಂದಲೂ ಇರುತ್ತದೆ, ಅದು ಕಳ್ಳರಿಗೆ ಗೊತ್ತಾಗುವ ದಿನ ಮಾತ್ರ ಹೊಸದು.

ಹಾಗಾಗಿ ಎರಡೂ ಕೆಲಸ ಒಟ್ಟಿಗೆ ಬರುತ್ತವೆ. ಡಿಸ್ಕ್ ಹಳೆಯದಾಗಿದೆ, ಚಿಕ್ಕದೂ ಆಗಿದೆ, ಆಪರೇಟಿಂಗ್ ಸಿಸ್ಟಮ್ಮೂ ಹಳೆಯದಾಗಿದೆ, ಎರಡನ್ನೂ ಬದಲಿಸಬೇಕು. ಆದರೆ ಆ ಸರ್ವರನ್ನು ನಂಬಿಕೊಂಡು ಸಾವಿರಾರು ಜನ ಕೆಲಸ ಮಾಡುತ್ತಿರುತ್ತಾರೆ. ಅವರಿಗೆ ಇದರ ಸುಳಿವೂ ಸಿಗಬಾರದು. ನೆಲವನ್ನೂ ಅದರ ಕೆಳಗಿನ ಅಡಿಪಾಯವನ್ನೂ ಬದಲಿಸಿಬಿಟ್ಟು, ಮೇಲೆ ನಿಂತವರು ನಿಂತಲ್ಲೇ ಇರುವಂತೆ ಮಾಡುವುದು ಹೇಗೆ ಸಾಧ್ಯವಾಯಿತು? ಇದರ ಉತ್ತರ ನನ್ನ ಮಟ್ಟಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯಂತ ಸೊಗಸಾದ ವಿಚಾರಗಳಲ್ಲಿ ಒಂದು, ಮತ್ತು ಅದು ಯುನಿಕ್ಸ್ ಹುಟ್ಟಿದ ದಿನಗಳಷ್ಟೇ ಹಳೆಯದು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-7 ಎಂಬ ಪುಟ್ಟ ಯಂತ್ರದ ಮೇಲೆ ಯುನಿಕ್ಸ್ ಕಟ್ಟತೊಡಗಿದಾಗ ಫೈಲಿನ ಬಗ್ಗೆ ಒಂದು ತೀರ್ಮಾನ ಮಾಡಿದರು. ಫೈಲಿನ ಹೆಸರು ಬೇರೆ, ಫೈಲು ಬೇರೆ. ಫೈಲು ಎಂದರೆ ಡಿಸ್ಕಿನ ಮೇಲಿನ ಒಂದು ದಾಖಲೆ: ಅದು ಯಾರದ್ದು, ಎಷ್ಟು ದೊಡ್ಡದು, ಅದರ ತುಣುಕುಗಳು ಎಲ್ಲೆಲ್ಲಿವೆ ಎಂಬ ವಿವರ. ಇದಕ್ಕೆ ಐನೋಡ್ ಎನ್ನುತ್ತಾರೆ, ಪ್ರತಿ ಐನೋಡಿಗೂ ಒಂದು ಸಂಖ್ಯೆ. ಈ ದಾಖಲೆಯೊಳಗೆ ಹೆಸರೇ ಇಲ್ಲ. ಹೆಸರು ಇರುವುದು ಡೈರೆಕ್ಟರಿಯಲ್ಲಿ. ಹಳೆಯ ಯುನಿಕ್ಸ್‌ಗಳಲ್ಲಿ ಡೈರೆಕ್ಟರಿಯ ಒಂದು ಸಾಲು 16 ಬೈಟ್: ಎರಡು ಬೈಟ್ ಐನೋಡ್ ಸಂಖ್ಯೆಗೆ, ಹದಿನಾಲ್ಕು ಬೈಟ್ ಹೆಸರಿಗೆ. ಅಷ್ಟೇ.

ನಮ್ಮ ಮನೆಗಳಲ್ಲಿ ಮಗುವಿಗೆ ಶಾಲೆಯ ರಿಜಿಸ್ಟರಿನಲ್ಲಿ ಶ್ರೀನಿವಾಸಮೂರ್ತಿ, ಮನೆಯಲ್ಲಿ ಪುಟ್ಟ, ಅಜ್ಜಿಯ ಬಾಯಲ್ಲಿ ಇನ್ನೊಂದು ಹೆಸರು ಇರುತ್ತದಲ್ಲ, ಫೈಲಿನದ್ದೂ ಹಾಗೆಯೇ. ಒಂದೇ ಐನೋಡಿಗೆ ಎಷ್ಟು ಹೆಸರಾದರೂ ಇರಬಹುದು. ನೀವು ಫೈಲನ್ನು ಅಳಿಸಿದಿರಿ ಎಂದುಕೊಂಡಾಗ ನಿಜಕ್ಕೂ ಅಳಿಸಿದ್ದು ಒಂದು ಹೆಸರನ್ನು. ಎಲ್ಲ ಹೆಸರುಗಳೂ ಹೋಗಿ, ಜೊತೆಗೆ ಆ ಫೈಲನ್ನು ತೆರೆದಿಟ್ಟುಕೊಂಡ ಕೊನೆಯ ಪ್ರೋಗ್ರಾಮೂ ಕೈಬಿಟ್ಟ ಮೇಲೆಯೇ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಆ ಜಾಗವನ್ನು ಖಾಲಿ ಎಂದು ಘೋಷಿಸುತ್ತದೆ.

ಇದರಿಂದ ಏನು ಸಿಕ್ಕಿತು ನೋಡಿ. ಬೆಳಿಗ್ಗೆಯಿಂದ ಓಡುತ್ತಿರುವ ಒಂದು ಪ್ರೋಗ್ರಾಂ ಯಾವುದೋ ಲೈಬ್ರರಿ ಫೈಲನ್ನು ಬಳಸುತ್ತಿದೆ. ನೀವು ಆ ಲೈಬ್ರರಿಯ ಹೊಸ ಆವೃತ್ತಿಯನ್ನು ಪಕ್ಕದಲ್ಲಿ ಬೇರೆ ಹೆಸರಲ್ಲಿ ಬರೆದು, ಪೂರ್ತಿ ಬರೆದಾದ ಮೇಲೆ ಹಳೆಯ ಹೆಸರನ್ನು ಹೊಸ ಐನೋಡಿಗೆ ತಿರುಗಿಸಿಬಿಡುತ್ತೀರಿ. ಈ ತಿರುಗಿಸುವಿಕೆ ಒಂದೇ ಏಟಿಗೆ ಆಗುತ್ತದೆ; ಯಾರು ಯಾವ ಕ್ಷಣದಲ್ಲಿ ಆ ಹೆಸರು ಹಿಡಿದು ಹೋದರೂ ಹಳೆಯದು ಪೂರ್ತಿ ಸಿಗುತ್ತದೆ ಇಲ್ಲವೇ ಹೊಸದು ಪೂರ್ತಿ ಸಿಗುತ್ತದೆ. ಅರೆಬರೆ ಸಿಗುವುದಿಲ್ಲ. ಬೆಳಗಿನ ಪ್ರೋಗ್ರಾಂ ತನ್ನ ಹಳೆಯ ಐನೋಡನ್ನು ಹಿಡಿದುಕೊಂಡೇ ಮುಂದುವರಿಯುತ್ತದೆ. ಅದಕ್ಕೆ ಹೆಸರು ಹೋಗಿರುವುದೇ ಗೊತ್ತಿಲ್ಲ. ಈಗ ಶುರುವಾಗುವ ಪ್ರೋಗ್ರಾಮಿಗೆ ಹೊಸದು ಸಿಗುತ್ತದೆ. ಎರಡು ಕಾಲಗಳು ಒಂದೇ ಯಂತ್ರದಲ್ಲಿ ಒಂದಕ್ಕೊಂದು ಅಡ್ಡಬರದೆ ಓಡುತ್ತವೆ.

ಹೆಸರನ್ನು ವಸ್ತುವಿನಿಂದ ಬಿಡಿಸಿದ ಈ ಒಂದು ಹೆಜ್ಜೆಯನ್ನು ಮುಂದಿನವರು ಮೇಲಕ್ಕೂ ಕೆಳಕ್ಕೂ ಹಬ್ಬಿಸಿದರು. ಸೊಲಾರಿಸ್‌ನಲ್ಲಿ ಒಂದು ಡಿಸ್ಕಿನ ಹೆಸರು ಸಿ1ಟಿ0ಡಿ0 ಎಂಬಂತೆ ಇರುತ್ತದೆ: ಒಂದನೆಯ ಕಂಟ್ರೋಲರ್, ಸೊನ್ನೆಯ ಟಾರ್ಗೆಟ್, ಸೊನ್ನೆಯ ಡಿಸ್ಕ್. ಕೊನೆಗೆ ಎಸ್0, ಎಸ್1 ಎಂದು ಸೇರಿಸಿದರೆ ಆ ಡಿಸ್ಕಿನ ಒಂದೊಂದು ಸ್ಲೈಸ್, ಅಂದರೆ ಹೋಳು. ಈ ಹೆಸರು ಕೂಡ ಒಂದು ಕೈಮರ ಮಾತ್ರ. ಅದು ತೋರಿಸುವುದು ಯಂತ್ರಾಂಶದ ಉದ್ದನೆಯ ನಿಜವಾದ ವಿಳಾಸವನ್ನು. ಇದರ ಮೇಲೆ ಇನ್ನೊಂದು ಪದರ, ಸೊಲಾರಿಸ್ ವಾಲ್ಯೂಮ್ ಮ್ಯಾನೇಜರ್. ಅದು ಡಿ0 ಎಂಬ ಕಾಲ್ಪನಿಕ ಡಿಸ್ಕನ್ನು ಸೃಷ್ಟಿಸುತ್ತದೆ. ಡಿ0ಗೆ ಬರೆದದ್ದೆಲ್ಲ ಕೆಳಗಿನ ಡಿ10 ಮತ್ತು ಡಿ20 ಎಂಬ ಎರಡು ತುಂಡುಗಳಿಗೂ ಹೋಗುತ್ತದೆ. ಇದೇ ಮಿರರ್. 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ರೇಡ್ ಎಂಬ ಹೆಸರಲ್ಲಿ ಡಿಸ್ಕ್ ಜೋಡಣೆಗಳನ್ನು ವಿಂಗಡಿಸಿದಾಗ ಮೊದಲ ಮಟ್ಟ ಎಂದು ಕರೆದದ್ದು ಇದನ್ನೇ. ಪ್ರೋಗ್ರಾಮುಗಳಿಗೆ ಡಿ0 ಮಾತ್ರ ಗೊತ್ತು. ಅದರ ಕೆಳಗೆ ಒಂದು ಡಿಸ್ಕ್ ಇದೆಯೋ, ಎರಡಿವೆಯೋ, ಯಾವುದು ಹೊಸದು, ಯಾವುದನ್ನು ನಿನ್ನೆ ಕಳಚಿದರು ಎಂಬುದು ಅವುಗಳಿಗೆ ಬೇಕಿಲ್ಲ.

ಈಗ ಡಿಸ್ಕ್ ಸಾಯುವ ವಿಚಾರಕ್ಕೆ ಬರೋಣ. ತಯಾರಕರ ಹಾಳೆಯಲ್ಲಿ ಸರಾಸರಿ ಆಯುಷ್ಯ 10 ಲಕ್ಷ ಗಂಟೆ ಎಂದು ಬರೆದಿರುತ್ತದೆ. ವರ್ಷಕ್ಕೆ ತಿರುಗಿಸಿದರೆ 114 ವರ್ಷ. ಯಾವ ಡಿಸ್ಕೂ ಅಷ್ಟು ಬದುಕುವುದಿಲ್ಲ. ಆ ಅಂಕಿಯ ನಿಜವಾದ ಅರ್ಥ, ಒಂದು ವರ್ಷದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ, ಅಂದರೆ 0.88ರಷ್ಟು ಡಿಸ್ಕುಗಳು ಕೆಡಬೇಕು ಎಂದು. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ಜಾಲಾಡಿದರು. ವರ್ಷಕ್ಕೆ ಬದಲಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ ಶೇ. 2ರಿಂದ 4, ಕೆಲವು ಕಡೆ ಶೇ. 13ರವರೆಗೂ. ಅದೇ ವರ್ಷ ಗೂಗಲ್‌ನ ಸಂಶೋಧಕರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಚರಿತ್ರೆ ಪ್ರಕಟಿಸಿದರು. ಅದರಲ್ಲಿ ನನ್ನನ್ನು ಹೆಚ್ಚು ತಟ್ಟಿದ ಮಾತೊಂದಿದೆ: ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಒಂದೇ ಒಂದು ದೋಷ ತಾನೇ ಎಂದು ಸುಮ್ಮನಿರುವ ಹಾಗಿಲ್ಲ. ಮತ್ತೊಂದು ಅಷ್ಟೇ ಕಳವಳದ್ದು: ಕೆಟ್ಟ ಡಿಸ್ಕುಗಳಲ್ಲಿ ಬಹಳಷ್ಟು ಯಾವ ಮುನ್ಸೂಚನೆಯನ್ನೂ ಕೊಡದೆಯೇ ಹೋದವು.

ಮಿರರಿನ ಎರಡೂ ಡಿಸ್ಕು ಸಾಮಾನ್ಯವಾಗಿ ಒಂದೇ ದಿನ, ಒಂದೇ ಡಬ್ಬಿಯಿಂದ ಬಂದಿರುತ್ತವೆ. ಒಂದೇ ಕಾರ್ಖಾನೆ, ಒಂದೇ ಬ್ಯಾಚು, ಅಷ್ಟೇ ಗಂಟೆಗಳ ದುಡಿಮೆ, ಅದೇ ಬಿಸಿ, ಅದೇ ಅದುರು. ಒಂದು ಹೋದಾಗ ಇನ್ನೊಂದೂ ಅದೇ ವಯಸ್ಸಿನದ್ದು ಎಂಬುದನ್ನು ಮರೆಯಬಾರದು. ಸಾಲದ್ದಕ್ಕೆ ಓದದೆ ಬಿಟ್ಟ ಜಾಗಗಳ ಸಮಸ್ಯೆ ಬೇರೆ. ಡಿಸ್ಕಿನ ಒಂದು ಮೂಲೆಯ ಸೆಕ್ಟರ್, ಅಂದರೆ ಒಂದು ಪುಟ್ಟ ತುಣುಕು, ಹಾಳಾದರೆ ಅದು ತಾನಾಗಿ ಹೇಳಿಕೊಳ್ಳುವುದಿಲ್ಲ; ಯಾರಾದರೂ ಅದನ್ನು ಓದಲು ಹೋದಾಗಲೇ ತಿಳಿಯುವುದು. ನೆಟ್‌ಆ್ಯಪ್ ಕಂಪನಿಯ 15.3 ಲಕ್ಷ ಡಿಸ್ಕುಗಳನ್ನು 32 ತಿಂಗಳು ಗಮನಿಸಿ 2007ರಲ್ಲಿ ಹೊರಬಂದ ಅಧ್ಯಯನದಲ್ಲಿ ಶೇ. 3.45ರಷ್ಟು ಡಿಸ್ಕುಗಳಲ್ಲಿ ಇಂಥ ಗುಪ್ತ ದೋಷ ಕಂಡುಬಂದಿತ್ತು. ಮಿರರ್ ಇರುವಷ್ಟು ದಿನ ಇದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಇನ್ನೊಂದು ಪ್ರತಿ ಇದೆ. ಮಿರರ್ ಬಿಡಿಸಿ, ಉಳಿದ ಒಂದರಿಂದ ಪೂರ್ತಿ ನಕಲು ತೆಗೆಯಲು ಹೊರಟಾಗ ಡಿಸ್ಕಿನ ಮೂಲೆಮೂಲೆಯನ್ನೂ ಓದಬೇಕಾಗುತ್ತದೆ. ಎರಡನೆಯ ಪ್ರತಿ ಇಲ್ಲದ ಹೊತ್ತಿನಲ್ಲೇ ದೋಷ ಎದ್ದು ಬರುತ್ತದೆ.

ಆದ್ದರಿಂದ ಅನುಭವಸ್ಥ ಅಡ್ಮಿನ್ ಮಾಡುವ ಮೊದಲ ಕೆಲಸ ಕಳಚುವುದಲ್ಲ, ಓದುವುದು. ಉಳಿಯಬೇಕಾದ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಓದಿ, ಓದಿದ್ದನ್ನು ಎಲ್ಲೂ ಇಡದೆ ಬಿಸಾಡುವುದು. ಯುನಿಕ್ಸ್‌ನಲ್ಲಿ ಇದು ಒಂದೇ ಸಾಲಿನ ಆಜ್ಞೆ. ಡಿಡಿ ಎಂಬ ಹಳೆಯ ಸಲಕರಣೆಗೆ ಒಂದು ಕಡೆ ಡಿಸ್ಕನ್ನೂ ಇನ್ನೊಂದು ಕಡೆ ಏನು ಹಾಕಿದರೂ ಮಾಯವಾಗುವ /ಡೆವ್/ನಲ್ ಅನ್ನೂ ಕೊಟ್ಟರೆ ಆಯಿತು. 73 ಗಿಗಾಬೈಟಿನ ಡಿಸ್ಕಾದರೆ, ಸೆಕೆಂಡಿಗೆ 40 ಮೆಗಾಬೈಟ್ ವೇಗದಲ್ಲಿ, ಅರ್ಧ ಗಂಟೆಯ ಕೆಲಸ. ಆಮೇಲೆ ದೋಷಗಳ ಎಣಿಕೆ ನೋಡುವುದು. ಹಾರ್ಡ್ ಎರರ್ ಎಂಬ ಕಡೆ ಸೊನ್ನೆ ಇದ್ದರೆ ಮುಂದೆ ಹೋಗಬಹುದು. ಸೊನ್ನೆ ಇಲ್ಲದಿದ್ದರೆ, ಬದಲಿಸಬೇಕಾದದ್ದು ಇನ್ನೊಂದಲ್ಲ, ಇದೇ ಡಿಸ್ಕು. ಈ ಅರ್ಧ ಗಂಟೆ ಉಳಿಸಲು ಹೋಗಿ ಇಡೀ ರಾತ್ರಿ ಕಳೆದುಕೊಂಡ ಕಥೆಗಳು ಈ ಕಸುಬಿನವರ ಬಳಿ ಬೇಕಾದಷ್ಟಿವೆ.

ಬ್ಯಾಕಪ್ ಇದಕ್ಕೂ ಮೊದಲೇ ಆಗಿರಬೇಕು, ಅದನ್ನು ಹೇಳಬೇಕಾಗಿಯೇ ಇಲ್ಲ ಎನಿಸಬಹುದು. ಆದರೂ ಹೇಳುತ್ತೇನೆ, ಏಕೆಂದರೆ ಮಿರರ್ ಇದೆಯಲ್ಲ ಎಂದು ಬ್ಯಾಕಪ್ ಬಿಡುವವರನ್ನು ಕಂಡಿದ್ದೇನೆ. ಮಿರರ್ ಡಿಸ್ಕಿನ ಸಾವಿನಿಂದ ಕಾಪಾಡುತ್ತದೆ, ಮನುಷ್ಯನ ಕೈಯಿಂದಲ್ಲ. ತಪ್ಪಿ ಅಳಿಸಿದ್ದನ್ನು ಅದು ಎರಡೂ ಡಿಸ್ಕಿನಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಮತ್ತೆ, ಒಮ್ಮೆಯಾದರೂ ಹಿಂದಕ್ಕೆ ತುಂಬಿ ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು.

ವಿ210ರಲ್ಲಿ ಡಿಸ್ಕಿಗೆ ಇರುವುದು ಎರಡೇ ಗೂಡು. ಅದರ ಅಣ್ಣ ವಿ240ರಲ್ಲಿ ನಾಲ್ಕು. ನಾಲ್ಕಿದ್ದರೆ ಸುಖ, ಹೊಸ ಎರಡನ್ನು ಖಾಲಿ ಗೂಡಿಗೆ ಹಾಕಿ ನಿಧಾನಕ್ಕೆ ಬದಲಾಯಿಸಬಹುದು. ಎರಡೇ ಇದ್ದಾಗ ಒಂದನ್ನು ಕಳಚದೆ ಹೊಸದಕ್ಕೆ ಜಾಗವಿಲ್ಲ. ಇಲ್ಲಿ ಒಂದು ಚಂದದ, ಮೊದಲ ನೋಟಕ್ಕೆ ಕಿರಿಕಿರಿ ಎನಿಸುವ ನಿಯಮ ಅಡ್ಡ ಬರುತ್ತದೆ.

ಯಾವ ತುಂಡು ಯಾವ ಮಿರರಿಗೆ ಸೇರಿದ್ದು, ಯಾವುದು ಸರಿಯಿದೆ, ಯಾವುದು ಹಳಸಿದೆ ಎಂಬ ಲೆಕ್ಕವನ್ನು ವಾಲ್ಯೂಮ್ ಮ್ಯಾನೇಜರ್ ಒಂದು ಸಣ್ಣ ದತ್ತಸಂಚಯದಲ್ಲಿ ಇಡುತ್ತದೆ. ಆ ದತ್ತಸಂಚಯದ ಪ್ರತಿಗಳು ಎರಡೂ ಡಿಸ್ಕಿನಲ್ಲಿ ಇರುತ್ತವೆ; ಸಾಮಾನ್ಯವಾಗಿ ಒಂದೊಂದರಲ್ಲಿ ಮೂರು, ಒಟ್ಟು ಆರು. ನಿಯಮ ಹೀಗಿದೆ: ಓಡುತ್ತಿರುವ ಯಂತ್ರ ಮುಂದುವರಿಯಲು ಅರ್ಧದಷ್ಟು ಪ್ರತಿಗಳು ಸಾಕು. ಅರ್ಧಕ್ಕಿಂತ ಕಡಿಮೆಯಾದರೆ ಯಂತ್ರ ತಾನೇ ನಿಂತುಬಿಡುತ್ತದೆ. ಹೊಸದಾಗಿ ಬೂಟ್ ಆಗಬೇಕಾದರೆ ಅರ್ಧಕ್ಕಿಂತ ಒಂದು ಹೆಚ್ಚು ಬೇಕು. ಈಗ ಒಂದು ಡಿಸ್ಕ್ ಸತ್ತಿತು ಎನ್ನಿ. ಉಳಿದದ್ದು ಮೂರು ಪ್ರತಿ, ಸರಿಯಾಗಿ ಅರ್ಧ. ಸರ್ವರ್ ಏನೂ ಆಗದ ಹಾಗೆ ಓಡುತ್ತದೆ. ಆದರೆ ರೀಬೂಟ್ ಮಾಡಿದಿರೋ, ನಾಲ್ಕು ಬೇಕಾದಲ್ಲಿ ಮೂರೇ ಇವೆ. ಅರ್ಧದಾರಿಯಲ್ಲಿ ನಿಂತು ರೂಟ್ ಪಾಸ್‌ವರ್ಡ್ ಕೇಳುತ್ತದೆ.

ಡಿಸ್ಕ್ ಸತ್ತರೂ ಬದುಕಲಿ ಎಂದೇ ತಾನೇ ಮಿರರ್ ಮಾಡಿದ್ದು, ಈಗ ಹೀಗೇಕೆ? ಕಾರಣ ಇದು. ಸೋಮವಾರ ಒಂದನೆಯ ಡಿಸ್ಕಿನ ಸಂಪರ್ಕ ತಪ್ಪಿತು ಎಂದುಕೊಳ್ಳಿ. ಎರಡನೆಯದು ಒಂಟಿಯಾಗಿ ಗುರುವಾರದವರೆಗೆ ಕೆಲಸ ಮಾಡಿತು, ಮೂರು ದಿನದ ಬರವಣಿಗೆ ಅದರಲ್ಲಿ ಮಾತ್ರ ಇದೆ. ಗುರುವಾರ ಕರೆಂಟು ಹೋಗಿ ಬಂದಾಗ ಎರಡನೆಯದು ಏಳಲಿಲ್ಲ, ಒಂದನೆಯದು ಎದ್ದಿತು. ಅದರ ಪ್ರಕಾರ ಇಂದಿಗೂ ಸೋಮವಾರ. ತಾನು ಸರಿಯಾಗಿದ್ದೇನೆ ಎಂದೇ ಅದು ನಂಬಿದೆ. ಅದನ್ನು ನಂಬಿ ಬೂಟ್ ಆದರೆ ಮೂರು ದಿನದ ಲೆಕ್ಕ ಯಾರಿಗೂ ಗೊತ್ತಾಗದಂತೆ ಕಾಣೆಯಾಗುತ್ತದೆ. ಬಹುಮತ ಕೇಳುವುದು ಇದಕ್ಕೇ. ಆರರಲ್ಲಿ ನಾಲ್ಕು ಪ್ರತಿ ಒಟ್ಟಿಗೆ ಇದ್ದರೆ, ಇದಕ್ಕೆ ವಿರುದ್ಧವಾದ ಮತ್ತೊಂದು ನಾಲ್ಕು ಇರಲು ಸಾಧ್ಯವೇ ಇಲ್ಲ. ಎರಡೇ ಡಿಸ್ಕಿದ್ದಾಗ ಒಂದಕ್ಕೆ ಬಹುಮತ ಎಂಬುದು ಬರುವುದಿಲ್ಲ, ಅದು ಗಣಿತದ ಮಿತಿ, ತಂತ್ರಾಂಶದ ದೋಷವಲ್ಲ. ಆ ಮಿತಿಯ ಮುಂದೆ ಯಂತ್ರ ತಾನೇ ಊಹಿಸದೆ ಮನುಷ್ಯನನ್ನು ಕೇಳುತ್ತದೆ. ಇದು ಸರಿಯಾದ ನಡವಳಿಕೆ ಎಂದು ನನ್ನ ದೃಢ ಅಭಿಪ್ರಾಯ. ಅದಕ್ಕೇ ಡಿಸ್ಕ್ ಕಳಚುವ ಮುನ್ನ ಅದರ ಮೇಲಿನ ಮೂರು ಪ್ರತಿಗಳನ್ನು ನಾವೇ ತೆಗೆದುಹಾಕುತ್ತೇವೆ. ಆಗ ಒಟ್ಟು ಮೂರೇ, ಮೂರೂ ಹಾಜರು.

ಈ ಕೆಲಸಗಳಲ್ಲಿ ಬಹುಪಾಲು ದೂರದಿಂದಲೇ ನಡೆಯುತ್ತಿತ್ತು. ಬೆಂಗಳೂರಿನಲ್ಲಿ ಕೂತ ಅಡ್ಮಿನ್‌ಗಳು ಸಾಗರದಾಚೆಯ ಸರ್ವರುಗಳನ್ನು ನೋಡಿಕೊಳ್ಳುವುದು ಆ ಹೊತ್ತಿಗಾಗಲೇ ಮಾಮೂಲಾಗಿತ್ತು. ಅಮೆರಿಕದ ಶನಿವಾರ ರಾತ್ರಿ ಎಂದರೆ ನಮ್ಮ ಭಾನುವಾರ ಬೆಳಿಗ್ಗೆ. ಹಬ್ಬವಿರಲಿ ಮದುವೆಯಿರಲಿ, ಗಿರಾಕಿಗಳಿಗೆ ತೊಂದರೆಯಾಗದ ವೇಳೆ ಅದೊಂದೇ. ಕೀಬೋರ್ಡು ಇಲ್ಲಿ, ಡಿಸ್ಕಿಗೆ ಕೈ ಹಾಕುವವನು ಅಲ್ಲಿ. ಫೋನಿನಲ್ಲಿ ‘ಎಡಗಡೆಯದು’ ಎಂದರೆ ಯಾರ ಎಡ? ಸಾಲಾಗಿ ಒಂದೇ ತರದ ಹತ್ತು ಸರ್ವರುಗಳಿರುವ ರ‍್ಯಾಕಿನಲ್ಲಿ ಯಾವುದು ಇದು? ಒಳ್ಳೆಯ ಡಿಸ್ಕನ್ನು ಎಳೆದುಬಿಟ್ಟರೆ ಕಥೆ ಮುಗಿಯಿತು. ಸನ್‌ನ ವಿನ್ಯಾಸಕಾರರು ಇದಕ್ಕೆ ಉತ್ತರವನ್ನು ಬೆಳಕಿನಲ್ಲಿ ಕೊಟ್ಟಿದ್ದರು. ಒಂದು ಆಜ್ಞೆ ಕೊಟ್ಟರೆ ಸರ್ವರಿನ ಮುಂಭಾಗದ ಬಿಳಿಯ ದೀಪ ಹೊತ್ತಿಕೊಂಡು ‘ನಾನೇ ಅದು’ ಎನ್ನುತ್ತದೆ. ಇನ್ನೊಂದು ಆಜ್ಞೆಯಿಂದ ಸಿ1ಟಿ1ಡಿ0 ಡಿಸ್ಕನ್ನು ಕರ್ನಲ್‌ನಿಂದ ಬಿಡಿಸಿದರೆ ಆ ಡಿಸ್ಕಿನ ನೀಲಿ ದೀಪ ಹತ್ತುತ್ತದೆ: ಈಗ ತೆಗೆಯಬಹುದು ಎಂದು. ಅದರ ಮುಂದಿರುವ ಚಿಲಕವನ್ನು ಬಲಕ್ಕೆ ಸರಿಸಿದರೆ ಹಿಡಿ ಹೊರಬರುತ್ತದೆ. ಹಿಡಿಯನ್ನು ಹಿಡಿದು ನೇರವಾಗಿ ಎಳೆಯುವುದು. ಸರ್ವರ್ ಆಫ್ ಮಾಡುವ ಮಾತೇ ಇಲ್ಲ. ಆಫ್ ಮಾಡದಿರುವುದೇ ಒಳ್ಳೆಯದು ಕೂಡ: ವರ್ಷಗಟ್ಟಲೆ ತಿರುಗಿದ ಹಳೆಯ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗದೇ ಹೋಗಬಹುದು.

ಬಿಡಿಸಿ ತೆಗೆದ ಆ ಡಿಸ್ಕಿನಲ್ಲಿ ಆ ಕ್ಷಣದ ಪೂರ್ತಿ ಪ್ರತಿಯೊಂದು ಇರುತ್ತದೆ. ಅದನ್ನು ಚೀಟಿ ಅಂಟಿಸಿ ಪಕ್ಕಕ್ಕಿಡಬೇಕು.

ಖಾಲಿಯಾದ ಗೂಡಿಗೆ 146 ಗಿಗಾಬೈಟಿನ ಹೊಸ ಡಿಸ್ಕ್ ಬಂತು. ಈಗ ಆಪರೇಟಿಂಗ್ ಸಿಸ್ಟಂ. ಹಿಂದಿನ ಪದ್ಧತಿಯಲ್ಲಾದರೆ ಸರ್ವರನ್ನು ನಿಲ್ಲಿಸಿ, ಡಿವಿಡಿ ಹಾಕಿ ಬೂಟ್ ಮಾಡಿ, ಇದ್ದ ವ್ಯವಸ್ಥೆಯ ಮೇಲೆಯೇ ಹೊಸದನ್ನು ಹೇರಬೇಕಿತ್ತು. ಗಂಟೆಗಟ್ಟಲೆ ಸರ್ವರ್ ಬಂದ್. ಅರ್ಧದಲ್ಲಿ ಎಡವಟ್ಟಾದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಸೊಲಾರಿಸ್‌ನ ಲೈವ್ ಅಪ್‌ಗ್ರೇಡ್ ಎಂಬ ಸಲಕರಣೆ ಇದನ್ನು ತಲೆಕೆಳಗು ಮಾಡಿತು. ಫೈಲಿನ ಹೆಸರಿಗೆ ಥಾಂಪ್ಸನ್ ಮತ್ತು ರಿಚಿ ಮಾಡಿದ್ದನ್ನು ಅದು ಇಡೀ ಆಪರೇಟಿಂಗ್ ಸಿಸ್ಟಮ್ಮಿಗೆ ಮಾಡುತ್ತದೆ. ಮೊದಲು ಓಡುತ್ತಿರುವ ಸೊಲಾರಿಸ್ 9ರ ಪ್ರತಿಯೊಂದನ್ನು ಹೊಸ ಡಿಸ್ಕಿನ ಮೇಲೆ ಮಾಡುತ್ತದೆ. ಆಮೇಲೆ ಆ ಪ್ರತಿಯನ್ನು, ಓಡದೆ ಸುಮ್ಮನೆ ಮಲಗಿರುವ ಪ್ರತಿಯನ್ನು, ಸೊಲಾರಿಸ್ 10ಕ್ಕೆ ಏರಿಸುತ್ತದೆ. ಇದೆಲ್ಲ ನಡೆಯುವಾಗ ಸರ್ವರ್ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ, ಸ್ವಲ್ಪ ನಿಧಾನವಾಗಬಹುದು ಅಷ್ಟೇ. ಏರಿಸುವಾಗ ತಪ್ಪಾಯಿತೇ? ಪ್ರತಿಯನ್ನು ಅಳಿಸಿ ಮತ್ತೆ ಶುರು ಮಾಡಿ; ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ. ಎಲ್ಲ ಸರಿಯೆನಿಸಿದ ಮೇಲೆ, ಮುಂದಿನ ಸಲ ಬೂಟ್ ಆಗುವಾಗ ಹೊಸದರಿಂದ ಏಳು ಎಂದು ಹೇಳುವುದು. ಸರ್ವರ್ ನಿಲ್ಲುವುದು ಆ ಒಂದು ರೀಬೂಟಿನಷ್ಟು ಹೊತ್ತು ಮಾತ್ರ.

ಇಲ್ಲೊಂದು ಸೂಕ್ಷ್ಮವಿದೆ. ಪ್ರತಿ ಮಾಡಿದ್ದು ಬೆಳಿಗ್ಗೆ, ರೀಬೂಟ್ ಮಾಡುವುದು ರಾತ್ರಿ. ನಡುವೆ ಯಾರೋ ಪಾಸ್‌ವರ್ಡ್ ಬದಲಿಸಿರುತ್ತಾರೆ, ಇನ್ನಾರಿಗೋ ಮೇಲ್ ಬಂದಿರುತ್ತದೆ. ಹಾಗಾಗಿ ಪಾಸ್‌ವರ್ಡ್ ಫೈಲು, ಮೇಲ್‌ಪೆಟ್ಟಿಗೆ ಮೊದಲಾದವುಗಳ ಪಟ್ಟಿಯೊಂದನ್ನು ಲೈವ್ ಅಪ್‌ಗ್ರೇಡ್ ಇಟ್ಟುಕೊಂಡು, ಹೊಸ ವ್ಯವಸ್ಥೆ ಮೊದಲ ಸಲ ಏಳುವಾಗ ಅವನ್ನು ಸರಿದೂಗಿಸುತ್ತದೆ. ಇನ್ನು, ಹೊಸದರಿಂದ ಏಳು ಎಂಬ ಬದಲಾವಣೆಯನ್ನು ಜಾರಿಗೆ ತರುವ ಸ್ಕ್ರಿಪ್ಟುಗಳು ಓಡುವುದು ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಳ್ಳುವಾಗ. ರೀಬೂಟ್ ಎಂಬ ಆಜ್ಞೆ ಆ ಸ್ಕ್ರಿಪ್ಟುಗಳನ್ನು ಹಾರಿಸಿ ನೇರವಾಗಿ ನಿಲ್ಲಿಸುತ್ತದೆ. ಇನಿಟ್ 6 ಅವನ್ನು ಒಂದೊಂದಾಗಿ ಓಡಿಸುತ್ತದೆ. ಎರಡೂ ಯಂತ್ರವನ್ನು ಮತ್ತೆ ಏಳಿಸುತ್ತವೆ. ಆದರೆ ಇಲ್ಲಿ ಇನಿಟ್ 6 ಬಿಟ್ಟು ಬೇರೆ ದಾರಿ ಹಿಡಿದರೆ ಹಳೆಯ ಸೊಲಾರಿಸ್ 9ರಲ್ಲೇ ಎದ್ದು ಕೂರುತ್ತೀರಿ.

ಬೂಟ್ ಆಗುವ ಆ ಕೆಲವು ನಿಮಿಷಗಳಲ್ಲಿ ಹೆಸರು ಮತ್ತು ವಸ್ತುವಿನ ನಡುವಿನ ಅಷ್ಟೂ ಪದರಗಳು ಒಂದೊಂದಾಗಿ ಕಟ್ಟಿಕೊಳ್ಳುವುದನ್ನು ಕಣ್ಣಾರೆ ನೋಡಬಹುದು. ವಿದ್ಯುತ್ ಬಂದ ಕೂಡಲೇ ಎಚ್ಚರಾಗುವುದು ಓಪನ್‌ಬೂಟ್. ಅದು ಫೋರ್ತ್ ಭಾಷೆಯಲ್ಲಿ ಬರೆದ, ಬೋರ್ಡಿನ ಮೇಲಿನ ಚಿಪ್ಪಿನಲ್ಲಿ ಕೂತ ಪುಟ್ಟ ಪ್ರೋಗ್ರಾಂ. ಪರದೆಯ ಮೇಲೆ ಅದು ತೋರಿಸುವುದು ‘ಓಕೆ’ ಎಂಬ ಒಂದು ಪದ. ಓಪನ್‌ಬೂಟ್‌ಗೆ ಮಿರರ್ ಗೊತ್ತಿಲ್ಲ, ಡಿ0 ಗೊತ್ತಿಲ್ಲ, ಫೈಲು ಕೂಡ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಹೇಳಿದ ಡಿಸ್ಕಿಗೆ ಹೋಗು, ಬೂಟ್ ಆಗುವ ಸ್ಲೈಸಿನ 1ರಿಂದ 15ನೆಯ ಸೆಕ್ಟರ್‌ವರೆಗೆ ಓದು, ಓದಿದ್ದನ್ನು ನಡೆಸು. ಹದಿನೈದು ಸೆಕ್ಟರು ಎಂದರೆ 7,680 ಬೈಟು.  ಬೂಟ್ ಬ್ಲಾಕ್ ಎಂಬ ಆ ಪುಟ್ಟ ಭಾಗಕ್ಕೆ ಫೈಲ್ ಸಿಸ್ಟಮ್ ಎಂದರೇನೆಂದು ಸ್ವಲ್ಪ ಗೊತ್ತು. ಅದು ಮುಂದಿನ ಪ್ರೋಗ್ರಾಮನ್ನು ಹುಡುಕಿ ತರುತ್ತದೆ, ಆ ಪ್ರೋಗ್ರಾಂ ಕರ್ನಲನ್ನು ತರುತ್ತದೆ, ಕರ್ನಲ್ ಮಿರರನ್ನು ಗುರುತಿಸುತ್ತದೆ, ಆಗ ಡಿ0 ಹುಟ್ಟುತ್ತದೆ.

ಈ ಸರಪಳಿಯಲ್ಲಿ ಆ ಹದಿನೈದು ಸೆಕ್ಟರುಗಳನ್ನು ಮರೆಯುವುದು ಬಹಳ ಸುಲಭ. ಅವು ಯಾವ ಫೈಲಿನ ಭಾಗವೂ ಅಲ್ಲ. ಎರಡನೆಯ ಡಿಸ್ಕಿಗೆ ಫೈಲುಗಳೆಲ್ಲ ಚಾಚೂ ತಪ್ಪದೆ ನಕಲಾಗಿರುತ್ತವೆ, ಮಿರರ್ ಎಲ್ಲ ಸರಿಯಿದೆ ಎನ್ನುತ್ತದೆ, ವರ್ಷಗಳ ಕಾಲ ಎಲ್ಲ ಸರಿಯಾಗಿಯೇ ಇರುತ್ತದೆ. ಮೊದಲನೆಯ ಡಿಸ್ಕ್ ಸತ್ತು, ಎರಡನೆಯದರಿಂದ ಬೂಟ್ ಮಾಡಲು ಹೋದ ದಿನ ಅದರಲ್ಲಿ ಬೂಟ್ ಬ್ಲಾಕೇ ಇಲ್ಲ ಎಂದು ತಿಳಿಯುತ್ತದೆ. ಹೊಸ ಡಿಸ್ಕ್ ಹಾಕಿದಾಗಲೆಲ್ಲ ಇನ್‌ಸ್ಟಾಲ್‌ಬೂಟ್ ಎಂಬ ಆಜ್ಞೆಯಿಂದ ಅದನ್ನು ಪ್ರತ್ಯೇಕವಾಗಿ ಬರೆಯಬೇಕು. ಬರೆದು ಬಿಟ್ಟರೆ ಸಾಲದು. ಆ ರಾತ್ರಿಯೇ ಒಮ್ಮೆ ಮೊದಲನೆಯದರಿಂದ, ಒಮ್ಮೆ ಎರಡನೆಯದರಿಂದ ಬೂಟ್ ಮಾಡಿ ನೋಡಬೇಕು.

ಸೊಲಾರಿಸ್ 10 ಮೊದಲ ಸಲ ಏಳುವಾಗ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಸೇವೆಗಳನ್ನು ಆರಂಭಿಸುತ್ತಿದ್ದದ್ದು ಸಾಲಾಗಿ ಜೋಡಿಸಿದ ಸ್ಕ್ರಿಪ್ಟುಗಳು. ಹತ್ತರಲ್ಲಿ ಆ ಹೊಣೆಯನ್ನು ಎಸ್‌ಎಂಎಫ್ ಎಂಬ ಹೊಸ ವ್ಯವಸ್ಥೆ ವಹಿಸಿಕೊಂಡಿತು, ಯಾವ ಸೇವೆ ಯಾವುದರ ಮೇಲೆ ನಿಂತಿದೆ ಎಂಬ ಪೂರ್ತಿ ನಕ್ಷೆಯನ್ನು ಅದು ಮೊದಲ ಬೂಟಿನಲ್ಲಿ ಓದಿಕೊಳ್ಳುತ್ತದೆ. ಬೆಂಗಳೂರಿನ ಕಡೆ ಫೋನ್ ಕಾಲ್‌ನಲ್ಲಿ ಕೂತವರೆಲ್ಲ ಎರಡೆರಡು ನಿಮಿಷಕ್ಕೆ ‘ಬಾಕ್ಸ್ ಬಂತಾ?’ ಎಂದು ಕೇಳುವುದು ಈ ಹೊತ್ತಿನಲ್ಲೇ. ಸುಮ್ಮನೆ ಕಾಯಬೇಕು. ಗಾಬರಿಬಿದ್ದು ಪವರ್ ಬಟನ್ ಒತ್ತಿದರೆ, ಇಲ್ಲದ ಸಮಸ್ಯೆಯೊಂದು ಹುಟ್ಟುತ್ತದೆ.

ಎದ್ದ ಮೇಲೆ ಹಳೆಯ ಪ್ರೋಗ್ರಾಮುಗಳು ಹೊಸ ಕರ್ನಲ್ ಮೇಲೆ ಓಡುತ್ತವೆಯೇ? ಓಡುತ್ತವೆ, ಅದೂ ಹೆಸರು ಮತ್ತು ವಸ್ತುವಿನ ಬೇರ್ಪಡಿಕೆಯ ಫಲವೇ. ಪ್ರೋಗ್ರಾಂ ಕರ್ನಲ್‌ನ ಒಳಗನ್ನು ಮುಟ್ಟುವುದಿಲ್ಲ. ‘ತೆರೆ’, ‘ಓದು’, ‘ಬರೆ’ ಎಂಬ ಗೊತ್ತಾದ ಬಾಗಿಲುಗಳಿಂದ ಮಾತ್ರ ಕೇಳುತ್ತದೆ. ಬಾಗಿಲುಗಳ ಹಿಂದೆ ಏನನ್ನು ಬದಲಿಸಿದರೂ ಬಾಗಿಲನ್ನು ಬದಲಿಸುವುದಿಲ್ಲ ಎಂದು ಸನ್ ಮಾತು ಕೊಟ್ಟಿತ್ತು, ಬಹುಮಟ್ಟಿಗೆ ಉಳಿಸಿಕೊಂಡಿತು. ಆ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡುಕೊಂಡ ಮೇಲೂ ಹಳೆಯ ಪ್ರೋಗ್ರಾಮುಗಳು ಹೊಸ ಸೊಲಾರಿಸ್‌ಗಳಲ್ಲಿ ಓಡುವುದು ನಿಲ್ಲಲಿಲ್ಲ.

ಹೊಸ ವ್ಯವಸ್ಥೆ ಹೊಸ ಡಿಸ್ಕಿನಲ್ಲಿ ಓಡುತ್ತಿದೆ. ಮೊದಲ ಗೂಡಿನಲ್ಲಿ ಹಳೆಯ ಡಿಸ್ಕು, ಅದರಲ್ಲಿ ಸೊಲಾರಿಸ್ 9 ಇನ್ನೂ ಹಾಗೆಯೇ ಇದೆ. ಇಲ್ಲಿ ಅಡ್ಮಿನ್ ಎರಡು ಭಯಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಹಳೆಯದನ್ನು ಹಾಗೇ ಬಿಟ್ಟರೆ ಹಿಂದಿರುಗುವ ದಾರಿ ಇರುತ್ತದೆ, ಆದರೆ ಮಿರರ್ ಇರುವುದಿಲ್ಲ. ಹೊಸ ಡಿಸ್ಕು ಮೊದಲ ವಾರದಲ್ಲೇ ಕೆಟ್ಟರೆ ಹೊಸ ವ್ಯವಸ್ಥೆ ಹೋಯಿತು. ತಕ್ಷಣ ತೆಗೆದು ಮಿರರ್ ಕಟ್ಟಿದರೆ ಡಿಸ್ಕಿನ ಭಯ ಹೋಗುತ್ತದೆ, ಹಿಂದಿರುಗುವುದು ಕಷ್ಟವಾಗುತ್ತದೆ. ನಾನು ಎರಡನೆಯದಕ್ಕೆ ಅವಸರ ಮಾಡುವವರ ಕಡೆಯಲ್ಲ. ಇಂಥ ಸರ್ವರುಗಳಲ್ಲಿ ಗಿರಾಕಿಯ ದತ್ತಾಂಶ ಸಾಮಾನ್ಯವಾಗಿ ಹೊರಗಿನ ಸ್ಟೋರೇಜಿನಲ್ಲಿ ಇರುತ್ತದೆ, ಒಳಗಿನ ಡಿಸ್ಕಿನಲ್ಲಿರುವುದು ಆಪರೇಟಿಂಗ್ ಸಿಸ್ಟಂ ಮಾತ್ರ. ಅದನ್ನು ಬ್ಯಾಕಪ್‌ನಿಂದ ಮತ್ತೆ ಕಟ್ಟಬಹುದು. ಹೊಸ ವ್ಯವಸ್ಥೆಯಲ್ಲಿ ಅಡಗಿರುವ ತೊಂದರೆ ಕೆಲಸದ ದಿನಗಳು ಉರುಳಿದ ಮೇಲೆಯೇ ಕಾಣಿಸುವುದು. ಕೆಲವು ದಿನ ಕಾದು, ಆಮೇಲೆ ಹಳೆಯದನ್ನು ಎಳೆದು, ಎರಡನೆಯ ಹೊಸ ಡಿಸ್ಕ್ ಹಾಕಿ, ಅದಕ್ಕೂ ಅದೇ ಸ್ಲೈಸುಗಳನ್ನು ಕೊಯ್ದು, ಮಿರರಿಗೆ ಸೇರಿಸುವುದು ವಾಸಿ. ಬೇರೆ ಬೇರೆ ಕಂಪನಿಗಳ 146 ಗಿಗಾಬೈಟು ಒಂದೇ ಅಳತೆ ಇರುವುದಿಲ್ಲ. ಒಂದಕ್ಕಿಂತ ಇನ್ನೊಂದು ಕೆಲವು ಸೆಕ್ಟರ್ ಚಿಕ್ಕದಿದ್ದರೂ ಮಿರರ್ ಒಪ್ಪುವುದಿಲ್ಲ. ಅದಕ್ಕೆ ಮೊದಲನೆಯದನ್ನು ಕೊಯ್ಯುವಾಗಲೇ ಕೊನೆಯಲ್ಲಿ ಸ್ವಲ್ಪ ಜಾಗ ಬಿಟ್ಟಿರಬೇಕು.

ಸೊಲಾರಿಸ್ 10ರ ಜೊತೆಗೆ ಮುಂದೆ ಬಂದ ಝಡ್‌ಎಫ್‌ಎಸ್ ಈ ಪರದಾಟದಲ್ಲಿ ಅರ್ಧವನ್ನು ಇಲ್ಲವಾಗಿಸಿತು. ಜೆಫ್ ಬಾನ್‌ವಿಕ್, ಮ್ಯಾಥ್ಯೂ ಅಹ್ರೆನ್ಸ್ ಮತ್ತು ಅವರ ತಂಡ 2001ರಲ್ಲಿ ಶುರು ಮಾಡಿದ ಈ ಫೈಲ್ ಸಿಸ್ಟಂ 2008ರ ಅಕ್ಟೋಬರ್ ಬಿಡುಗಡೆಯಲ್ಲಿ ಬೂಟ್ ಡಿಸ್ಕಿನಲ್ಲೂ ಕೂರುವಂತಾಯಿತು. ಅದು ಬರೆದದ್ದರ ಮೇಲೆ ಮತ್ತೆ ಬರೆಯುವುದಿಲ್ಲ. ಹೊಸದನ್ನು ಬೇರೆ ಕಡೆ ಬರೆದು ಕೊನೆಗೆ ಕೈಮರವನ್ನು ತಿರುಗಿಸುತ್ತದೆ. ಇಡೀ ಆಪರೇಟಿಂಗ್ ಸಿಸ್ಟಮ್ಮಿನ ಪ್ರತಿ ಸೆಕೆಂಡುಗಳಲ್ಲಿ ಸಿದ್ಧ, ಅದಕ್ಕೆ ಬೇರೆ ಡಿಸ್ಕೂ ಬೇಡ. ಮಿರರಿಗೆ ಹೊಸ ಡಿಸ್ಕ್ ಸೇರಿಸಿದರೆ ಖಾಲಿ ಜಾಗ ಬಿಟ್ಟು ತುಂಬಿದ ಜಾಗವನ್ನಷ್ಟೇ ನಕಲು ಮಾಡುತ್ತದೆ. ಪ್ರತಿ ತುಣುಕಿನ ಚೆಕ್‌ಸಮ್ಮನ್ನು ಬೇರೆ ಕಡೆ ಇಟ್ಟುಕೊಂಡಿರುವುದರಿಂದ ಎರಡು ಪ್ರತಿಗಳಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು ಎಂದು ಅದಕ್ಕೆ ತಿಳಿಯುತ್ತದೆ. ಹಳೆಯ ಮಿರರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ನಿಮ್ಮ ಜೇಬಿನಲ್ಲಿರುವ ಫೋನ್ ಕೂಡ ಇದನ್ನೇ ಮಾಡುತ್ತಿರಬಹುದು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದೀಚೆಗೆ ಹಲವು ಫೋನುಗಳಲ್ಲಿ ವ್ಯವಸ್ಥೆಗೆ ಎ ಮತ್ತು ಬಿ ಎಂಬ ಎರಡು ಜಾಗಗಳಿವೆ. ನೀವು ಎಯಲ್ಲಿ ಮಾತಾಡುತ್ತಿರುವಾಗ ಹೊಸ ಆವೃತ್ತಿ ಬಿಯಲ್ಲಿ ಕೂರುತ್ತದೆ. ಒಂದು ರೀಬೂಟ್, ಫೋನು ಬಿಯಿಂದ ಏಳುತ್ತದೆ. ಏಳಲಾಗದಿದ್ದರೆ ಎಗೆ ಮರಳುತ್ತದೆ. ಲೈವ್ ಅಪ್‌ಗ್ರೇಡ್ ಬಳಸಿದವರಿಗೆ ಇದು ಹಳೆಯ ಪರಿಚಯ.

ಇನ್ನು ಹೊರಗೆ ತೆಗೆದ ಆ ಎರಡು ಹಳೆಯ ಡಿಸ್ಕುಗಳು. ಅವನ್ನು ಕೂಡಲೇ ಅಳಿಸಬಾರದು. ಬ್ಯಾಂಕಿನ ಸರ್ವರಾದರೆ ತಿಂಗಳ ಕೊನೆಯ ಲೆಕ್ಕ ಒಮ್ಮೆ ಹೊಸ ವ್ಯವಸ್ಥೆಯಲ್ಲಿ ಮುಗಿಯಲಿ. ತ್ರೈಮಾಸಿಕದ್ದೂ ಇದ್ದರೆ ಅದೂ ಮುಗಿಯಲಿ. ವರ್ಷಕ್ಕೆ ನಾಲ್ಕೇ ಸಲ ಓಡುವ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿ ಹೊಸ ವ್ಯವಸ್ಥೆಯಲ್ಲಿ ಇಲ್ಲ ಎಂಬುದು ಅಂದೇ ತಿಳಿಯುವುದು, ಆ ಲೈಬ್ರರಿ ಸಿಗುವುದು ಆ ಹಳೆಯ ಡಿಸ್ಕಿನಲ್ಲೇ. ಅದಾದ ಮೇಲೆ, ಫೈಲು ಅಳಿಸುವುದೆಂದರೆ ಹೆಸರು ಅಳಿಸುವುದಷ್ಟೇ ಎಂದು ಗೊತ್ತಿರುವವರು ಡಿಸ್ಕನ್ನು ಗುಜರಿಗೆ ಹಾಗೇ ಕೊಡುವುದಿಲ್ಲ. ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಮೇಲೆ ಬರೆದು, ಬರೆದದ್ದನ್ನು ಓದಿ ಖಚಿತಪಡಿಸಿಕೊಂಡು, ಸೀರಿಯಲ್ ನಂಬರನ್ನು ದಾಖಲೆ ಪುಸ್ತಕದಲ್ಲಿ ಹೊಡೆದುಹಾಕಿ, ಆಮೇಲೆ ಕಳಿಸುತ್ತಾರೆ. ತಿರುಗಲಾರದಷ್ಟು ಕೆಟ್ಟ ಡಿಸ್ಕಾದರೆ ಮೇಲೆ ಬರೆಯುವುದು ಆಗದು. ಅದರ ತಟ್ಟೆಗಳನ್ನೇ ಪುಡಿ ಮಾಡಿಸಬೇಕು.